ಜಾಸ್ ಪಿಟೀಲು ಅಂದರೆ ಗ್ರಾಪೆಲ್ಲಿ ಒಬ್ಬರೇ ಅಲ್ಲ

ಜಾಸ್‌ನಲ್ಲಿ ಪಿಟೀಲು ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ಬರುವ ಉತ್ತರ ಒಂದೇ, ಸ್ಟೀಫನ್ ಗ್ರಾಪೆಲ್ಲಿ. ಬರಲೇಬೇಕಾದ ಹೆಸರು ಅದು. 1934ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರಿಸ್ಟ್ ಜ್ಯಾಂಗೋ ರೈನ್‌ಹಾರ್ಟ್ ಜೊತೆ ತಂಡ ಕಟ್ಟಿದವರು, ಎಂಬತ್ತು ದಾಟಿದ ಮೇಲೂ ವೇದಿಕೆ ಬಿಡಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲುವಾದಕ ಯೆಹೂದಿ ಮೆನುಹಿನ್ ಜೊತೆ ನುಡಿಸಿದರು, ನಮ್ಮ ಎಲ್. ಸುಬ್ರಮಣ್ಯಂ ಜೊತೆ 1984ರಲ್ಲಿ 'ಕಾನ್ವರ್ಸೇಷನ್ಸ್' ಅನ್ನುವ ಆಲ್ಬಂ ಮಾಡಿದರು. ಹಾಗಾಗಿ ನಮ್ಮವರಿಗೂ ಅವರ ಪರಿಚಯ ಚೆನ್ನಾಗಿಯೇ ಇದೆ. ಆದರೆ ಅವರಿಗಿಂತ ಒಂದೂವರೆ ವರ್ಷ ಚಿಕ್ಕವರು ಸ್ಟಫ್ ಸ್ಮಿತ್. ಆ ಹೆಸರು ಹೇಳಿದರೆ ಜಾಸ್ ಕೇಳುವವರಲ್ಲೂ ಎಷ್ಟೋ ಜನ 'ಯಾರದು?' ಅನ್ನುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇವತ್ತು ಬರೆಯಬೇಕು ಅಂತ ಕೂತಿರುವುದು ಆ ಸ್ಟಫ್ ಸ್ಮಿತ್ ನೆನಪಿಗೆ ಇನ್ನೊಬ್ಬ ಪಿಟೀಲುವಾದಕ ಬಿಲ್ಲಿ ಬ್ಯಾಂಗ್ ಮಾಡಿದ 'ಎ ಟ್ರಿಬ್ಯೂಟ್ ಟು ಸ್ಟಫ್ ಸ್ಮಿತ್' ಬಗ್ಗೆ. 1992ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿ, ಇಟಲಿಯ ಸೋಲ್ ನೋಟ್ ಕಂಪನಿಯಿಂದ ಹೊರಬಂದ ಆಲ್ಬಂ. ಹಿರಿಯರ ಹೆಸರಲ್ಲಿ ಬಂದ ಆಲ್ಬಂಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ನನ್ನ ಮಟ್ಟಿಗೆ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸ್ಟಫ್ ಬಗ್ಗೆ. ಹುಟ್ಟಿದ್ದು 1909ರಲ್ಲಿ, ಅಮೆರಿಕದ ಓಹಾಯೋ ರಾಜ್ಯದಲ್ಲಿ. ಅಪ್ಪನೇ ಮೊದಲ ಗುರು. ಆದರೆ ಕಿವಿ ಪೂರ್ತಿ ಸೋತದ್ದು ಲೂಯಿ ಆರ್ಮ್‌ಸ್ಟ್ರಾಂಗ್‌ಗೆ. ಅಲ್ಲೇ ಇರುವುದು ವಿಷಯ. ಮಾದರಿಯಾಗಿ ಸಿಕ್ಕಿದ್ದು ಇನ್ನೊಬ್ಬ ಪಿಟೀಲುವಾದಕ ಅಲ್ಲ, ಟ್ರಂಪೆಟ್ ಊದುವವರು. ಹಾಗಾಗಿ ಸ್ಟಫ್ ಕೈಯಲ್ಲಿ ಕಮಾನು ಉದ್ದಕ್ಕೆ, ನಯವಾಗಿ ಓಡುವುದು ಕಡಿಮೆ. ತುದಿಯ ಕಡೆಯ ಸ್ವಲ್ಪ ಜಾಗದಲ್ಲೇ ಕೆಲಸ ಜಾಸ್ತಿ. ಸ್ವರವನ್ನು ಕಮಾನಿನಿಂದ ಕಚ್ಚಿ ಹಿಡಿದು, ತಾಳಕ್ಕೆ ಸರಿಯಾಗಿ ಒಗೆದು, ಮುಂದಿನ ಸ್ವರಕ್ಕೆ ಮೊದಲು ಒಂದು ಚೂರು ಬಿಡುವು ಕೊಟ್ಟು, ಆ ಬಿಡುವಿನಲ್ಲೇ ಕೇಳುವವರ ಕಾಲು ಕುಣಿಯುವ ಹಾಗೆ ಮಾಡುತ್ತಾರೆ. ಸ್ವಿಂಗ್, ಅಂದರೆ ಜಾಸ್‌ನ ಆ ಕುಣಿಸುವ ಲಯ, ಏನು ಅಂತ ಪುಸ್ತಕ ಓದಿ ಅರ್ಥವಾಗದವರಿಗೆ ಸ್ಟಫ್ ನುಡಿಸಿದ ಎರಡು ನಿಮಿಷ ಸಾಕು. ನಾದ ಒರಟು, ಹೌದು. ಅದು ಬೇಕು ಅಂತಲೇ ಇಟ್ಟುಕೊಂಡ ಒರಟು.

1936ರಲ್ಲಿ ನ್ಯೂಯಾರ್ಕ್‌ನ 52ನೇ ಬೀದಿಯ ಓನಿಕ್ಸ್ ಕ್ಲಬ್‌ನಲ್ಲಿ ಸ್ಟಫ್ ತಂಡದ್ದೇ ಹವಾ. ಟ್ರಂಪೆಟ್‌ಗೆ ಜೋನಾ ಜೋನ್ಸ್, ಡ್ರಮ್ಸ್‌ಗೆ ಕೋಜಿ ಕೋಲ್. ಅಂಥ ಗದ್ದಲದ ತಂಡದಲ್ಲಿ, ಕುಡಿದು ಹರಟುವ ಜನರ ನಡುವೆ ಪಿಟೀಲು ಕೇಳಿಸಬೇಕಲ್ವಾ? ಪಿಟೀಲಿಗೆ ವಿದ್ಯುತ್ ಜೋಡಿಸಿ ಆಂಪ್ಲಿಫೈಯರ್‌ನಲ್ಲಿ ನುಡಿಸಿದ ಮೊದಲಿಗರಲ್ಲಿ ಸ್ಟಫ್ ಒಬ್ಬರು. ಇದನ್ನು ಓದುವಾಗೆಲ್ಲ ನನಗೆ ಮೈಸೂರು ಚೌಡಯ್ಯನವರು ನೆನಪಾಗುತ್ತಾರೆ. ಹೆಚ್ಚುಕಡಿಮೆ ಅದೇ ಕಾಲ, ಅದೇ ತೊಂದರೆ. ಮೈಕ್ ಇಲ್ಲದ ಕಚೇರಿಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ, ಅದಕ್ಕೆ ಚೌಡಯ್ಯನವರು ತಂತಿಗಳನ್ನು ಏಳು ಮಾಡಿಕೊಂಡರು. ಇಬ್ಬರಿಗೂ ಒಬ್ಬರಿಗೊಬ್ಬರ ಸುಳಿವಿಲ್ಲ. ಇಬ್ಬರೂ ತೀರಿಕೊಂಡದ್ದು 1967ರಲ್ಲಿ. ಸ್ಟಫ್ ಕೊನೆಗಾಲಕ್ಕೆ ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದ್ದರು, ಪ್ರಾಣ ಹೋದದ್ದು ಮ್ಯೂನಿಕ್‌ನಲ್ಲಿ. ಹುಟ್ಟಿದ ದೇಶದಲ್ಲಿ ಅವರನ್ನು ಅಷ್ಟು ಬೇಗ ಮರೆತದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಈಗ ಬಿಲ್ಲಿ ಬ್ಯಾಂಗ್. ಹುಟ್ಟಿದ್ದು 1947ರಲ್ಲಿ ಅಲಬಾಮಾದಲ್ಲಿ, ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪಿಟೀಲು ಹಿಡಿದಿದ್ದರು, ಆಮೇಲೆ ಬಿಟ್ಟರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದರು. ಬಂದ ಮೇಲೆ ಮನಸ್ಸು ನೆಟ್ಟಗಿರಲಿಲ್ಲ. ಗಿರವಿ ಅಂಗಡಿಯೊಂದರಲ್ಲಿ ಕಂಡ ಪಿಟೀಲನ್ನು ಕೊಂಡು ಮತ್ತೆ ಶುರು ಮಾಡಿದರು. ಲೆರಾಯ್ ಜೆಂಕಿನ್ಸ್ ಹತ್ತಿರ ಕಲಿತರು. ಜೆಂಕಿನ್ಸ್ ಅಂದರೆ ಫ್ರೀ ಜಾಸ್‌ನವರು, ತಾಳ, ಧಾಟಿಗಳ ಕಟ್ಟು ಬಿಟ್ಟು ನುಡಿಸುವವರು. ಬ್ಯಾಂಗ್ ಕೂಡ ಆ ದಾರಿಯಲ್ಲೇ ಬೆಳೆದವರು, ಕಿರುಚುವ, ಉಜ್ಜುವ, ನಡುಗುವ ಪಿಟೀಲು. ಅಂಥವರು 'ಸ್ಯಾಟಿನ್ ಡಾಲ್', 'ಎ ಫಾಗಿ ಡೇ', 'ಲವರ್ ಮ್ಯಾನ್' ಅನ್ನುವ ಹಳೇ ಹಾಡುಗಳನ್ನು ಎತ್ತಿಕೊಂಡು ಕೂತರು ಅನ್ನುವುದೇ ಒಂದು ಸುದ್ದಿ.

ಅದಕ್ಕಿಂತ ದೊಡ್ಡದು ಪಿಯಾನೋ ಮುಂದೆ ಕೂತವರು ಯಾರು ಅನ್ನುವುದು. ಸನ್ ರಾ! ತಾನು ಶನಿಗ್ರಹದಿಂದ ಬಂದವನು ಅಂತ ಹೇಳಿಕೊಂಡು, ಮಿರಮಿರ ಮಿಂಚುವ ನಿಲುವಂಗಿ ತೊಟ್ಟು ದೊಡ್ಡ ಆರ್ಕೆಸ್ಟ್ರಾ ನಡೆಸಿದ ಅದೇ ಸನ್ ರಾ. ಜನ ಆ ವೇಷ, ಆ ಮಾತುಗಳಲ್ಲೇ ನಿಂತುಬಿಡುತ್ತಾರೆ. ಅವರು 1940ರ ದಶಕದಲ್ಲಿ ಚಿಕಾಗೋದಲ್ಲಿ ಸ್ವಿಂಗ್ ಕಾಲದ ಹೆಸರಾಂತ ಬ್ಯಾಂಡ್ ನಾಯಕ ಫ್ಲೆಚರ್ ಹೆಂಡರ್ಸನ್ ತಂಡಕ್ಕೆ ಪಿಯಾನೋ ನುಡಿಸಿದವರು, ಅಂದರೆ ಸ್ವಿಂಗ್ ಅನ್ನುವುದು ಅವರಿಗೆ ಮನೆ ಅಡುಗೆಯಷ್ಟೇ ಪರಿಚಿತ. ಅಷ್ಟೇ ಅಲ್ಲ. ಆ ಚಿಕಾಗೋ ದಿನಗಳಲ್ಲಿ ಸನ್ ರಾ ಮನೆಯಲ್ಲಿ ಸ್ಟಫ್ ಸ್ಮಿತ್ ಪಿಟೀಲು ನುಡಿಸಿದ್ದಾರೆ, ಇವರು ಕೀಬೋರ್ಡ್ ನುಡಿಸಿದ್ದಾರೆ, ಅದನ್ನು ಸುಮ್ನೆ ಮನೆಯಲ್ಲೇ ರೆಕಾರ್ಡ್ ಮಾಡಿಟ್ಟಿದ್ದಾರೆ. ಹಾಡು 'ಡೀಪ್ ಪರ್ಪಲ್'. ಎಷ್ಟೋ ವರ್ಷ ಕಳೆದ ಮೇಲೆ ಅದು ಸನ್ ರಾ ಅವರದೇ ಲೇಬಲ್‌ನಲ್ಲಿ ಹೊರಬಂತು. ಮತ್ತೆ 1992ರಲ್ಲಿ ಬ್ಯಾಂಗ್ ಜೊತೆ ಅದೇ 'ಡೀಪ್ ಪರ್ಪಲ್' ನುಡಿಸುತ್ತಾರೆ.

ಯೋಚನೆ ಮಾಡಿ. ಗೌರವ ಸಲ್ಲಿಸುವ ಬಹಳಷ್ಟು ಆಲ್ಬಂಗಳಲ್ಲಿ ನುಡಿಸುವವರಿಗೆ ಆ ಹಿರಿಯರು ಗೊತ್ತಿರುವುದು ರೆಕಾರ್ಡ್‌ಗಳಿಂದ ಮಾತ್ರ. ಇಲ್ಲಿ ಹಾಗಲ್ಲ. ಸ್ಟಫ್ ಪಕ್ಕದಲ್ಲೇ ಕೂತು ನುಡಿಸಿದ ಮನುಷ್ಯ ಅದೇ ಕೋಣೆಯಲ್ಲಿದ್ದಾರೆ. ಅವರ ಎದುರು ಬ್ಯಾಂಗ್ ಸ್ಟಫ್ ಥರ ನುಡಿಸಿ ತೋರಿಸಬಹುದಿತ್ತು. ತೋರಿಸುವುದಿಲ್ಲ. ಸ್ಟಫ್ ಅವರದೇ ರಚನೆ 'ಓನ್ಲಿ ಟೈಮ್ ವಿಲ್ ಟೆಲ್' ನುಡಿಸುವಾಗಲೂ ಅದು ಬ್ಯಾಂಗ್ ಪಿಟೀಲೇ. ಸ್ವರದ ಅಂಚು ಒಡೆಯುತ್ತದೆ, ಜಾರುತ್ತದೆ, ಒಂದೊಂದು ಕಡೆ ಶ್ರುತಿಯ ಗೆರೆ ದಾಟಿಯೇ ಬರುತ್ತದೆ. ಆದರೆ ಲಯ ಇದೆಯಲ್ಲ, ಆ ಒಗೆತ, ಆ ಬಿಡುವು, ಅದು ನೇರವಾಗಿ ಸ್ಟಫ್ ಕಡೆಯಿಂದ ಬಂದದ್ದು.

ಸನ್ ರಾ ಆಗ ಹುಷಾರಿರಲಿಲ್ಲ. 1990ರಲ್ಲೇ ಪಾರ್ಶ್ವವಾಯು ಬಡಿದಿತ್ತು. ಇಲ್ಲಿ ಅವರು ನುಡಿಸುವುದು ಕಡಿಮೆ, ಒಂದು ಸ್ವರಗುಚ್ಛ, ಸ್ವಲ್ಪ ಮೌನ, ಇನ್ನೊಂದು ಸ್ವಲ್ಪ ವಾರೆಯಾದ ಸ್ವರಗುಚ್ಛ. ಆ ಖಾಲಿ ಜಾಗದಲ್ಲಿ ಪಿಟೀಲಿಗೆ ಅವಿತುಕೊಳ್ಳಲು ಎಲ್ಲೂ ಮರೆ ಇಲ್ಲ. ಬೇಸ್‌ನಲ್ಲಿ ಜಾನ್ ಓರ್, ಡ್ರಮ್ಸ್‌ನಲ್ಲಿ ಆಂಡ್ರೂ ಸಿರಿಲ್. ಸಿರಿಲ್ ಅಂದರೆ ಫ್ರೀ ಜಾಸ್ ಪಿಯಾನೋವಾದಕ ಸೆಸಿಲ್ ಟೇಲರ್ ಜೊತೆ ವರ್ಷಗಟ್ಟಲೆ ತಾಳದ ಕಟ್ಟು ಮುರಿದು ನುಡಿಸಿದವರು, ಇಲ್ಲಿ ಎಷ್ಟು ಹಗುರವಾಗಿ ಸ್ವಿಂಗ್ ಹಿಡಿಯುತ್ತಾರೆ ಅಂತ ಕೇಳಬೇಕು. ಈ ರೆಕಾರ್ಡಿಂಗ್ ಆಗಿ ವರ್ಷ ತುಂಬುವ ಮೊದಲೇ, 1993ರ ಮೇ ತಿಂಗಳಲ್ಲಿ ಸನ್ ರಾ ತೀರಿಕೊಂಡರು. ಬ್ಯಾಂಗ್ ಹೋದದ್ದು 2011ರಲ್ಲಿ.

ಇದು ಒರಟಾಗಿದೆ, ಶ್ರುತಿ ಅಲ್ಲಲ್ಲಿ ಜಾರುತ್ತದೆ, ಹಳೇ ಹಾಡುಗಳ ಸೊಗಸು ಹೋಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಟಫ್ ಬದುಕಿಡೀ ಪಿಟೀಲಿನ ಸಭ್ಯತೆಯ ವಿರುದ್ಧ ನುಡಿಸಿದವರು. ಅವರ ಹೆಸರಲ್ಲಿ ತೊಳೆದು ಇಸ್ತ್ರಿ ಮಾಡಿದ ಆಲ್ಬಂ ಒಂದು ಬಂದಿದ್ದರೆ ಅದು ಅವರಿಗೆ ಮಾಡಿದ ಅನ್ಯಾಯ. 1930ರ ದಶಕದ ಸ್ವರಗಳನ್ನು ಒಂದೂ ಬಿಡದೆ ಕಂಠಪಾಠ ಮಾಡಿ ಒಪ್ಪಿಸುವವರ ಶ್ರಮದ ಬಗ್ಗೆ ನನಗೆ ಗೌರವ ಇದೆ, ಅದೂ ಕಷ್ಟದ ಕೆಲಸವೇ. ಆದರೆ ಅದನ್ನು ಕೇಳಿದ ಮೇಲೆ ನಾನು ಹೋಗಿ ಮೂಲವನ್ನೇ ಹಾಕಿಕೊಳ್ಳುತ್ತೇನೆ. ಬ್ಯಾಂಗ್ ಆಲ್ಬಂ ಕೇಳಿದಾಗ ಮೂಲವೂ ಇದೂ ಎರಡೂ ಬೇಕು ಅನ್ನಿಸುತ್ತದೆ.

ಕೇಳುವವರಿಗೆ ಒಂದು ಮಾತು. ನೇರವಾಗಿ ಇದಕ್ಕೆ ಬರಬೇಡಿ. ಮೊದಲು ನ್ಯಾಟ್ ಕಿಂಗ್ ಕೋಲ್ ಅವರ 'ಆಫ್ಟರ್ ಮಿಡ್‌ನೈಟ್' ಆಲ್ಬಂನಲ್ಲಿ 'ಸಮ್‌ಟೈಮ್ಸ್ ಐ ಆಮ್ ಹ್ಯಾಪಿ' ಹಾಕಿ, ಆ ಮೆತ್ತನೆಯ ದನಿಯ ಹಿಂದೆ ಸ್ಟಫ್ ಏನು ಮಾಡುತ್ತಾರೆ ಅಂತ ಗಮನಿಸಿ. ಆಮೇಲೆ 1957ರಲ್ಲಿ ಡಿಜ್ಜಿ ಗಿಲೆಸ್ಪಿ ಜೊತೆ ಮಾಡಿದ ರೆಕಾರ್ಡಿಂಗ್‌ಗಳು, ಅಲ್ಲಿ ಟ್ರಂಪೆಟ್‌ಗೆ ಪಿಟೀಲು ಎದುರಾಎದುರು ನಿಂತು ಉತ್ತರ ಕೊಡುತ್ತದೆ. ಅದಾದ ಮೇಲೆ ಹಳೇ 'ಡೀಪ್ ಪರ್ಪಲ್', ಅದರ ಹಿಂದೆಯೇ ಬ್ಯಾಂಗ್ ಅವರದ್ದು. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಸಿರಿಲ್ ಡ್ರಮ್ಸ್ ಫೋನಿನ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳಿಸುವುದಿಲ್ಲ.