ಓದಿದ್ರ ರೇಟ್ ಇಳೀತದಂತ!

ನಿನ್ನೆಯಿಂದ ತಲಿ ಕೆಟ್ಟದ, ಬರ್ದು ಖಾಲಿ ಮಾಡ್ಲತ್ತೀನಿ. ಪುರಸೊತ್ತು ಇದ್ದವ್ರು ಓದ್ರಿ, ಇಲ್ದವ್ರು ಲೈಕ್ ಒತ್ತಿ ಮುಂದ ಹೋಗ್ರಿ, ಹೆಂಗೂ ಅದನ್ನೇ ಮಾಡ್ತೀರಿ.

ನನ್ನ ಕಾಮಿಕ್ಸ್ ಹುಚ್ಚು ನಿಮಗೆಲ್ಲಾ ಗೊತ್ತಿದ್ದದ್ದೇ. ಯಾರೋ ಪರಿಚಯದವ್ರು ಒಬ್ಬ ಹುಡುಗನ ನಂಬರ್ ಕೊಟ್ರು, ಜೇವರ್ಗಿ ರೋಡ್ ಕಡೆ ಮನಿ, ಹಳೇ ಇಂದ್ರಜಾಲ ಕಾಮಿಕ್ಸ್ ಭಾಳ ಅದಾವಂತ. ಬಿಸಲಾಗ ಓಡಿ ಹೋದೆ. ಎಸಿ ರೂಮು, ಗಾಜಿನ ಕಪಾಟು, ಒಂದೊಂದು ಪುಸ್ತಕಕ್ಕೂ ಪ್ಲಾಸ್ಟಿಕ್ ಕವರು, ಹಿಂದ ರಟ್ಟು, ಮ್ಯಾಲ ಟೇಪು. ಒಂದು ಫ್ಯಾಂಟಮ್ ಕೈಗೆ ತಗೊಂಡು ಟೇಪಿಗಿ ಉಗುರು ಹಚ್ಚಿದ್ದೆ ಅಷ್ಟೇ, "ಅಂಕಲ್, ಬಿಚ್ಚಬ್ಯಾಡ್ರಿ, ಓದಿದ್ರ ರೇಟ್ ಇಳೀತದ" ಅಂದ. ಅಂಕಲ್ ಅಂದಿದ್ದು ಇರ್ಲಿ ಬಿಡ್ರಿ, ಕೂದ್ಲ ನೋಡಿ ಅಂದಿರ್ತಾನ. ಇದ್ರಾಗ ಕತಿ ಏನದಪ್ಪ ಅಂತ ಕೇಳಿದ್ರ "ನಾನೂ ಓದಿಲ್ರಿ" ಅಂತಾನ! ಅಂವನ ಕಪಾಟಿನಾಗ ಜಾದೂಗಾರ ಮ್ಯಾಂಡ್ರೇಕ್ ಅದಾನ, ಆಬಿದ್ ಸುರ್ತಿ ಹುಟ್ಟಿಸಿದ ಬಹಾದೂರ್ ಅದಾನ, ಚಂಬಲ್ ಡಕಾಯಿತರೆಲ್ಲಾ ಅದಾರ, ಒಬ್ಬರೂ ಇವನ ಮುಂದ ಬಾಯಿ ಬಿಟ್ಟಿಲ್ಲ. ಅಂಗಡ್ಯಾಗ ಮಾರಾಕ ಇಟ್ಟಿದ್ರ ಬ್ಯಾರೆ ಮಾತು, ಇವ ಫ್ಯಾನ್ ಅಂತ ಹೇಳ್ಕೋತಾನ್ರೀ.

ಹಿಂಗ ಕಾಮಿಕ್ಸ್ ಕೂಡಿಸಿಡೋ ಕಲೆಕ್ಟರ್ ಮಂದಿದು ಒಂದು ಲೆಕ್ಕ ಅದ. ಮೂಲಿ ಮಡಚಿರಬಾರ್ದು, ಪಿನ್ನಿಗಿ ಜಂಗ್ ಹಿಡಿದಿರಬಾರ್ದು, ಮ್ಯಾಲ ಯಾರ ಹೆಸರೂ ಬರ್ದಿರಬಾರ್ದು, ಒಳಗ ಪೆನ್ಸಿಲ್ ಗುರುತು ಇರಬಾರ್ದು. ಅಂದ್ರ ಏನಾತು? ಯಾವ ಹುಡುಗನೂ ಮುಟ್ಟದೇ ಇದ್ದ ಪುಸ್ತಕ ಎಲ್ಲಕ್ಕಿಂತ ಛಲೋ ಪುಸ್ತಕ. 1964ರ ಮಾರ್ಚ್‌ನಾಗ ಮೊದಲನೇ ಇಂದ್ರಜಾಲ ಬಂದಾಗ ಬೆಲಿ 60 ಪೈಸೆ. ಆ 60 ಪೈಸೆ ಕೊಟ್ಟು ತಗೊಂಡವ ಓದ್ಲಾಕ ತಗೊಂಡಿದ್ದ, ಅರವತ್ತು ವರ್ಷ ಆದಮ್ಯಾಲ ಯಾವನೋ ಎಸಿ ರೂಮಿನಾಗ ಟೇಪ್ ಹಚ್ಚಲಿ ಅಂತ ಅಲ್ಲ.

ನಾವು ಓದಿದ್ದು ಹೆಂಗ? ಹಳೇ ಗುಲ್ಬರ್ಗದಾಗ ಪುಸ್ತಕ ಕಿರಾಯಿ ಕೊಡೋ ಅಂಗಡಿ ಇದ್ವು ನೆನಪದ ಏನ್ರೀ? ದಿನಕ್ಕ ನಾಲ್ಕಾಣೆ. ಬಾಗಲಿಗಿ ಸುತಳಿ ಕಟ್ಟಿ ಅದರ ಮ್ಯಾಲ ಪುಸ್ತಕ ನೇತ ಹಾಕಿರ್ತಿದ್ರು, ಪಿನ್ ಉಚ್ಚಿ ಹೋಗ್ತಾವಂತ ಬಗಲಿಗಿ ದಪ್ಪ ದಾರದ ಹೊಲಿಗಿ, ಮೊದಲ ಪುಟದ ಮ್ಯಾಲ ಅಂಗಡಿ ಸಿಕ್ಕಾ. ಇಂದ್ರಜಾಲ ಕನ್ನಡದಾಗೂ ಬರ್ತಿತ್ತು, ಅಮರ ಚಿತ್ರ ಕಥೆ, ಬಾಲಮಂಗಳದಾಗ ನಮ್ಮ ಡಿಂಗ, ಮತ್ತ ಹೈದರಾಬಾದ್ ಕಡಿಂದ ಹಿಂದಿ ಮಾಲು, ಪ್ರಾಣ್ ಅವರ ಚಾಚಾ ಚೌಧರಿ, ಆಮ್ಯಾಲ 1986ರಿಂದ ರಾಜ್ ಕಾಮಿಕ್ಸ್ ಶುರುವಾಗಿ ಸೂಪರ್ ಹೀರೋ ನಾಗರಾಜ್ ಬಂದ, ಅವನ ಹಿಂದ ಧ್ರುವ ಬಂದ. ನನ್ನ ಹಿಂದಿ ಅರ್ಧ ದರ್ಗಾ ಕಡೆ ಗೆಳೆಯರದ್ದು, ಇನ್ನರ್ಧ ನಾಗರಾಜಂದು, ಸಾಲಿದು ಏನೂ ಇಲ್ಲ. ಒಬ್ಬ ಕಿರಾಯಿ ತಂದ್ರ ಓಣಿ ಪೂರಾ ಓದ್ತಿತ್ತು, ರಾತ್ರಿ ಅಕ್ಕ ಓದ್ತಿದ್ಲು, ಮುಂಜಾನಿ ಬಚ್ಚಲ ಒಲಿ ಮುಂದ ಅಣ್ಣ ಓದ್ತಿದ್ದ, ವಾಪಸ್ ಕೊಡೋದ್ರಾಗ ಕ್ಯಾಮಲ್ ಕಲರ್ ಕಾಂಟೆಸ್ಟಿನ ಪುಟಕ್ಕ ಯಾರೋ ಬಣ್ಣ ತುಂಬಿ, ಫ್ಯಾಂಟಮ್ ಹೆಂಡ್ತಿ ಡಯಾನಾಗ ಮೀಸಿ ಬಂದಿರ್ತಿತ್ತು. ಅಂಗಡಿಯವ ಬೈತಿದ್ದ, ಮತ್ತ ಕೊಡ್ತಿದ್ದ. ಅಂಥ ಪುಸ್ತಕ ತೋರ್ಸಿದ್ರ ಈ ಹುಡುಗ ಮೂಗು ಮುರೀತಾನ, "ಇದಕ್ಕ ಏನೂ ಬರಲ್ರಿ" ಅಂತಾನ. ಬರಬ್ಯಾಡ. ಯಾರ್ ಕೇಳ್ಯಾರ ನಿನಗ?

ಒಂದು ಮಾತು ಹೇಳ್ತೀನಿ, ಮನ್ಯಾಗ ಗೊತ್ತಿಲ್ಲ. ಡಿಗ್ರಿ ಫೇಲ್ ಆದ ವರ್ಷ ಮಂದಿ ಮಾರಿ ನೋಡ್ಲಾರದೆ ನಮ್ಮೂರಿನ ಅಪ್ಪನ ಕೆರಿ ದಂಡಿ ಮ್ಯಾಲ ಕೂತು ಒಂದೇ ಮ್ಯಾಂಡ್ರೇಕ್ ತಿರುಗಾ ಮುರುಗಾ ಓದಿ ಆ ಬ್ಯಾಸಗಿ ಕಳ್ದೀನಿ. ಆ ಪುಸ್ತಕಕ್ಕ ಈಗ ಹೊದಿಕಿ ಇಲ್ಲ, ಕಡೀ ಪುಟನೂ ಇಲ್ಲ. ಅದಕ್ಕ ರೇಟ್ ಹಾಕ್ರಿ ನೋಡೋಣು.

ಸರಿ, ವಿಷಯಕ್ಕ ಬರ್ತೀನಿ. ಈ ರೇಟಿನ ಆಟದಾಗ ಹಾಳಾಗಿದ್ದು ಕನ್ನಡದ ಪುಸ್ತಕ. ಇಂಗ್ಲಿಷ್ ಪ್ರತಿಗಿ ಗಿರಾಕಿ ಅದಾರ, ಅದಕ್ಕ ಅವು ಉಳೀತಾವ. ಕನ್ನಡದವು ಕೈಯಿಂದ ಕೈಗೆ ಹೋಗಿ ಹರಿದ್ವು, ಹರಿದದ್ದಕ್ಕ ಬೆಲಿ ಇಲ್ಲಂತ ರದ್ದಿಗಿ ಹೋದ್ವು, ರದ್ದಿ ಅಂಗಡಿಂದ ಶೇಂಗಾ ಪೊಟ್ಟಣ ಆದ್ವು. ಅಮರ ಚಿತ್ರ ಕಥೆ ಅಂದಕೂಡ್ಲೇ ಕಾರ್ಕಳದ ಅನಂತ ಪೈ ಹೆಸರು ಹೇಳ್ತೀರಿ, 1967ರಾಗ ಅವ್ರೇ ಶುರು ಮಾಡಿದ್ರು ಅಂತೀರಿ, ಒಪ್ಪೀನಿ, ದೊಡ್ಡ ಮನುಷ್ಯ. ಆದ್ರ ಇಂಗ್ಲಿಷಿನಾಗ ರಾಮ್ ವಾಯಿರ್ಕರ್ ಚಿತ್ರ ಬರ್ದ 'ಕೃಷ್ಣ' ಪುಸ್ತಕದ ನಂಬರ್ 11 ಯಾಕದ ಅಂತ ಎಂದಾರ ಕೇಳೀರಿ? ಮೊದಲಿನ ಹತ್ತು ಕನ್ನಡದಾಗ ಬಂದಿದ್ವು ಸಾಹೇಬ್ರ. 1965ರಾಗ, ಬೆಂಗಳೂರಿನಾಗ ಪುಸ್ತಕ ಮಾರ್ತಿದ್ದ ಜಿ.ಕೆ. ಅನಂತರಾಮ್ ಅವರ ತಲ್ಯಾಗ ಹೊಳೆದ ಕೆಲಸ, ಸಿಂಡ್ರೆಲಾ ತರದ ಪರದೇಶದ ಕತಿ. ಅವು ಓಡಿದ್ದಕ್ಕೇ ಮುಂದಿಂದೆಲ್ಲಾ ನಡೀತು. ಆ ಹತ್ತು ಈಗ ಎಲ್ಲಿ ಅದಾವ? ಹೈದರಾಬಾದಿನ ಆಬಿಡ್ಸ್‌ನಾಗ ಐತವಾರ ರಸ್ತಾ ಮ್ಯಾಲ ಹಳೇ ಪುಸ್ತಕ ಹರವ್ತಾರಲ್ಲ, ಅಲ್ಲಿ ಮೊಣಕಾಲೂರಿ ಹುಡುಕೀನಿ, ಒಂದೂ ಕಣ್ಣಿಗಿ ಬಿದ್ದಿಲ್ಲ. ಟೇಪ್ ಹುಡುಗಂಗ ಕೇಳ್ದೆ, "ಕನ್ನಡದ್ದು ನಾವು ಮಾಡಲ್ರಿ" ಅಂದ. ಮಾಡಲ್ರಂತ! ಚಿಟಗುಪ್ಪಿ ಹತ್ರದ ಹುಡುಗ ಅಂವ.

ಈಗ ಕಮೆಂಟಿನಾಗ ಬರ್ತೀರಿ ನೀವು, ಗೊತ್ತದ. "ಅಂಥವ್ರು ಜ್ವಾಕಿ ಮಾಡಿದ್ದಕ್ಕೇ ಉಳ್ದಾವ" ಅಂತೀರಿ. ಅರ್ಧ ಖರೆ. ಆದ್ರ ಅದು ನ್ಯೂಸ್‌ಪ್ರಿಂಟು ರೀ. ಕಟಗಿ ತಿರುಳಿನ ಕಾಗದ, ಅದ್ರಾಗ ಲಿಗ್ನಿನ್ ಅಂತ ಕಟಗಿ ಗಟ್ಟಿ ಇಡೋ ಅಂಶ ಇರ್ತದ, ಬೆಳಕಿಗಿ ಗಾಳಿಗಿ ಹಳದಿ ಆಗ್ತದ, ಕಾಗದದೊಳಗಿನ ಆಮ್ಲನೇ ಕಾಗದ ತಿಂತದ. ಮ್ಯಾಲ ಪ್ಲಾಸ್ಟಿಕ್ ಹಾಕಿದ್ರ ಒಳಗಿನ ಆಮ್ಲ ಎಲ್ಲಿಗಿ ಓಡ್ತದ? ಸಸ್ತಾ ಪಿವಿಸಿ ಕವರಂತೂ ನಮ್ಮ ಕಲಬುರಗಿ 42 ಡಿಗ್ರಿ ಮೇ ತಿಂಗಳಾಗ ಕರೆಂಟ್ ಹೋದ್ರ ಮುಖಪುಟಕ್ಕ ಅಂಟ್ಕೋತದ, ಬಿಡಿಸಿದ್ರ ಫ್ಯಾಂಟಮ್ ಮಾರಿ ಕವರಿಗೇ ಬರ್ತದ. ಖರೆ ಉಳಿಸಬೇಕಂದ್ರ ಸ್ಕ್ಯಾನ್ ಮಾಡಿ ಇಡಬೇಕು, ಅದಕ್ಕ ಬಿಚ್ಚಬೇಕು, ಬಿಚ್ಚಿದ್ರ ರೇಟ್ ಇಳೀತದ. ಮುಗೀತಲ್ಲ ಕತಿ.

ನನ್ನವು ಟ್ರಂಕಿನಾಗ ಅದಾವ, ಹತ್ತಿ ಅರಿವಿ, ನಡುವ ಒಣಗಿದ ಬೇವಿನ ಎಲಿ. ಜಂಗ್ ಹಿಡಿದ ಪಿನ್ ಕಿತ್ತು ಹಾಕಿ ಬಿಳಿ ನೂಲಿನ ಹೊಲಿಗಿ ಹಾಕೀನಿ, ಕಲೆಕ್ಟರ್ ಮಂದಿ ನೋಡಿದ್ರ ಹೌಹಾರ್ತಾರ. ಹಾರ್ಲಿ. (ಅಂವನ ಕಪಾಟು ನೋಡಿ ಹೊಟ್ಟಿ ಉರ್ದಿಲ್ಲಾ ಅಂದ್ರ ಸುಳ್ಳು. ಭಾಳ ಉರ್ದದ.)

ಇರ್ಲಿ. ಬೀದರ, ಯಾದಗಿರಿ, ಸುರಪುರ ಕಡೆ ಯಾರರೆ ಮನಿ ಅಟ್ಟದ ಮ್ಯಾಲ, ಅಜ್ಜಿ ಟ್ರಂಕಿನಾಗ ಆ 1965ರ ಕನ್ನಡದ ಹತ್ತರಾಗ ಒಂದರೆ ಇದ್ರ ಇನ್‌ಬಾಕ್ಸ್ ಮಾಡ್ರಿ. ಹರಿದಿದ್ರೂ ನಡೀತದ, ಇಲಿ ಕಡಿದಿದ್ರೂ ನಡೀತದ, ನಿಮ್ಮ ಕಾಕಾ ಹೆಸರು ಗೀಚಿದ್ರ ಇನ್ನೂ ಛಲೋ. ಮಾರ್ಲಾಕ ಮನಸ್ಸಿಲ್ಲಂದ್ರ ಓದ್ಲಾಕ ಕೊಡ್ರಿ, ಅಲ್ಲೇ ನಿಮ್ಮ ಕಟ್ಟಿ ಮ್ಯಾಲ ಕೂತು ಓದಿ ವಾಪಸ್ ಕೊಡ್ತೀನಿ, ಚಹಾ ನಂದೇ.