ಹೇಳಲಾಯಿತು, ಆಕೆ ಏಳಲಿಲ್ಲ

ರೋಸಾ ಪಾರ್ಕ್ಸ್ ಬಸ್ಸು ಹತ್ತಿದರು, ಸೀಟು ಬಿಡಲಿಲ್ಲ, ಬಣ್ಣ ಮಾತ್ರ ನಡುವೆ ಎಲ್ಲೋ ಇಳಿದುಹೋಯಿತು. 1955ರಲ್ಲಿ ಅಮೆರಿಕದ ಮಾಂಟ್ಗಮರಿ ಎಂಬ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ ಈಕೆ. ಅದೇ ದೇಶದ ಫ್ಲೋರಿಡಾ ರಾಜ್ಯದ ಒಂದನೇ ಕ್ಲಾಸಿನ ಮಕ್ಕಳಿಗಾಗಿ ತಯಾರಾದ ಪಾಠದ ಈ ಕತೆ 2023ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬೇಕು. ಒಂದು ಕರಡಿನಲ್ಲಿ ‘ಮೈಬಣ್ಣದ ಕಾರಣಕ್ಕೆ’ ಎಂಬ ಮಾತಿತ್ತು. ತಿದ್ದಿದ ಕರಡಿನಲ್ಲಿ ಉಳಿದದ್ದು ಇಷ್ಟು: ಬೇರೆ ಸೀಟಿಗೆ ಹೋಗುವಂತೆ ಆಕೆಗೆ ಹೇಳಲಾಯಿತು, ಆಕೆ ಹೋಗಲಿಲ್ಲ.

ತಿದ್ದಿದವರ ಕೈಗೆ ಬಂಗಾರದ ಬಳೆ ತೊಡಿಸಬೇಕು. ಬಸ್ಸು ಹಾಗೇ ಇದೆ, ಸೀಟು ಹಾಗೇ ಇದೆ, ಕಾರಣವನ್ನಷ್ಟೇ ಎತ್ತಿದ್ದಾರೆ. ಒಂದು ತೊಟ್ಟು ರಕ್ತ ಬಂದಿಲ್ಲ.

ಈಗ ಪಾಠದ ಕೆಳಗೆ ಪ್ರಶ್ನೆ ಇದೆ ಎಂದಿಟ್ಟುಕೊಳ್ಳಿ: ‘ಆಕೆಗೆ ಸೀಟು ಬಿಡಲು ಹೇಳಿದ್ದೇಕೆ? ಎರಡು ವಾಕ್ಯಗಳಲ್ಲಿ ಬರೆಯಿರಿ.’ ಮಕ್ಕಳು ಪೆನ್ಸಿಲ್ ಕಚ್ಚುತ್ತವೆ. ಸೀಟು ಒದ್ದೆಯಾಗಿತ್ತು, ಅಂತ ಒಬ್ಬ. ಪಕ್ಕದವರಿಗೆ ವಾಂತಿ ಬರುತ್ತಿತ್ತು, ಅಂತ ಒಬ್ಬಳು. ಮುಂದೆ ದೊಡ್ಡ ಅಧಿಕಾರಿಯಾಗುವ ಲಕ್ಷಣವಿರುವ ಮೂರನೆಯವನು ಬರೆಯುತ್ತಾನೆ: ‘ಯಾಕೋ ಗೊತ್ತಿಲ್ಲ. ಆದರೆ ದೊಡ್ಡವರು ಹೇಳಿದ ಮೇಲೆ ಏಳಬೇಕಿತ್ತು.’ ಇವನಿಗೇ ಪೂರ್ತಿ ಅಂಕ. ಸೀಟು ಒದ್ದೆಯಾಗಿದ್ದಕ್ಕೆ ಮಾಂಟ್ಗಮರಿಯ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು ಎಂದು ಆಮೇಲೆ ಹೈಸ್ಕೂಲಿನಲ್ಲಿ ಹೇಳಿಕೊಟ್ಟರಾಯಿತು.

ಈ ‘ಲಾಯಿತು’ ಇದೆಯಲ್ಲ, ಇದರ ಮೇಲೆ ನನಗೆ ಹಳೇ ಸಿಟ್ಟು. ವ್ಯಾಕರಣದ ಮೇಷ್ಟ್ರು ಇದನ್ನು ಕರ್ಮಣಿ ಪ್ರಯೋಗ ಎನ್ನುತ್ತಿದ್ದರು. ಕರ್ತೃ ಹಿತ್ತಲ ಬಾಗಿಲಿಂದ ಪರಾರಿ, ಅನುಭವಿಸಿದವರಿಗೆ ಉಳಿದದ್ದು ಅವರ ಕರ್ಮ. ಮನೆಯಲ್ಲಿ ಯಾರೂ ‘ಹಾಲು ಉಕ್ಕಿಸಲಾಯಿತು’ ಅನ್ನುವುದಿಲ್ಲ, ಉಕ್ಕಿಸಿದವರ ಹೆಸರು ಹಿಡಿದೇ ಬೈಯುತ್ತಾರೆ. ಆದರೆ ಲಾಠಿ ಬೀಸಲಾಗುತ್ತದೆ, ಕಡತ ಕಳೆಯಲಾಗುತ್ತದೆ. ಬೀಸಿದ ಕೈ ಯಾವುದು ಎಂದು ವಾಕ್ಯವನ್ನು ಎಷ್ಟು ಅಲ್ಲಾಡಿಸಿದರೂ ಉದುರುವುದಿಲ್ಲ. ಇರಲಿ, ಬಸ್ಸಿಗೆ ಬರೋಣ.

ಪಾಠದ ಪ್ರಕಾಶಕರು ಹೆದರಿದ್ದು ಫ್ಲೋರಿಡಾದ 2022ರ ಕಾನೂನಿಗೆ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ತಮ್ಮ ಜನಾಂಗದ ಕಾರಣಕ್ಕೆ ಪಾಪಪ್ರಜ್ಞೆ ಪಡಬೇಕು ಎಂದು ಅಲ್ಲಿ ಕಲಿಸುವಂತಿಲ್ಲ. ಸುದ್ದಿಯಾದ ಮೇಲೆ ಶಿಕ್ಷಣ ಇಲಾಖೆ ಏನಂದಿತು ಗೊತ್ತೇ? ನಾಗರಿಕ ಹಕ್ಕುಗಳ ಪಾಠದಲ್ಲಿ ಜನಾಂಗದ ವಿಷಯ ಬಿಟ್ಟರೆ ಅದೂ ಕಾನೂನಿಗೆ ವಿರುದ್ಧ! ಅತ್ತ ದರಿ, ಇತ್ತ ಪುಲಿ. ನಡುವೆ ಸೀಮೆಸುಣ್ಣ ಹಿಡಿದ ಟೀಚರು.

ಟೆನೆಸ್ಸಿ ರಾಜ್ಯದ್ದು ಇನ್ನೂ ನಾಜೂಕು. 2021ರಲ್ಲಿ ಅಲ್ಲಿ ಬಿಳಿಯರ ಶಾಲೆಗೆ ಸೇರಿದ ಕಪ್ಪು ಹುಡುಗಿ ರೂಬಿ ಬ್ರಿಜಸ್ ಕುರಿತ ಮಕ್ಕಳ ಪುಸ್ತಕದ ಮೇಲೆ ದೂರು: ಸಿಟ್ಟಾದ ಬಿಳಿಯರ ದೊಡ್ಡ ಗುಂಪು ಎಂದು ಬರೆದದ್ದು ತೀರಾ ಒರಟಾಯಿತು, ಕೊನೆಗೆ ಸಮಾಧಾನವೂ ಇಲ್ಲ. ಸರಿ, ನಾನೇ ತಿದ್ದಿಕೊಡುತ್ತೇನೆ. ‘1960ರ ನವೆಂಬರ್ 14. ನ್ಯೂ ಆರ್ಲಿಯನ್ಸಿನಲ್ಲಿ ಒಬ್ಬ ಹುಡುಗಿ ಶಾಲೆಗೆ ಹೋದಳು. ಜೊತೆಗೆ ನಾಲ್ಕು ಜನ ಮಾಮಂದಿರು ಬಂದಿದ್ದರು. ಹೊರಗೆ ತುಂಬಾ ಜನ ಸೇರಿ ಜೋರಾಗಿ ಸ್ವಾಗತಿಸಿದರು. ವರ್ಷವಿಡೀ ಟೀಚರ್ ಬಾರ್ಬರಾ ಹೆನ್ರಿ ಅವಳೊಬ್ಬಳಿಗೇ ಪಾಠ ಮಾಡಿದರು. ಉಳಿದ ಮಕ್ಕಳಿಗೆ ನೆಗಡಿ. ಶುಭಂ.’

ಮಾಮಂದಿರೆಂದರೆ ಅವಳ ಕಾವಲಿಗೆ ಬಂದ ಫೆಡರಲ್ ಮಾರ್ಷಲರು, ಸ್ವಾಗತವೆಂದರೆ ಬೈಗುಳ, ನೆಗಡಿಯೆಂದರೆ ಬಿಳಿಯ ತಂದೆತಾಯಂದಿರು ತಮ್ಮ ಮಕ್ಕಳನ್ನು ಅವಳ ಜೊತೆ ಕೂರಿಸದೇ ಇದ್ದದ್ದು. ರೂಬಿಗೆ ಆಗ ಆರು ವರ್ಷ. ಒಂದನೇ ಕ್ಲಾಸು. ಅವಳಿಗೆ ಆ ಬಾಗಿಲಲ್ಲಿ ನಡೆದದ್ದನ್ನು ಯಾರೂ ವಯಸ್ಸಿಗೆ ತಕ್ಕಂತೆ ತಿದ್ದಿಕೊಡಲಿಲ್ಲ.

1963ರ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಆಡ್ರಿ ಫೇ ಹೆಂಡ್ರಿಕ್ಸ್ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ಒಂದು ವಾರ ಬಂಧನದಲ್ಲಿಟ್ಟರು. ಕಪ್ಪು ಜನರ ಹಕ್ಕಿಗಾಗಿ ನಡೆದ ಮೆರವಣಿಗೆಗೆ ಹೋದದ್ದಕ್ಕೆ. ನಾಯಿ ಬಿಟ್ಟರು, ಬೆಂಕಿ ಆರಿಸುವ ಪೈಪಿನಿಂದ ಮಕ್ಕಳ ಮೇಲೆ ನೀರು ಹೊಡೆದರು. ‘ಬಿಡಲಾಯಿತು’ ಅಲ್ಲ, ‘ಹೊಡೆಯಲಾಯಿತು’ ಅಲ್ಲ. ಪೊಲೀಸರು ಬಿಟ್ಟರು, ಅಗ್ನಿಶಾಮಕದವರು ಹೊಡೆದರು, ಅವರಿಬ್ಬರ ಮೇಲಧಿಕಾರಿ ಬುಲ್ ಕಾನರ್ ಹೊಡೆಸಿದ. ಇದನ್ನು ಒಂಬತ್ತು ವರ್ಷದ ಇನ್ನೊಂದು ಮಗು ಓದಿದರೆ ಮನಸ್ಸಿಗೆ ನೋವಾಗುತ್ತದಂತೆ. ಆಗಲಿ ಬಿಡಿ ಸ್ವಾಮಿ, ಸ್ವಲ್ಪ ಆಗಲಿ. ‘ಯಾಕೆ ಟೀಚರ್?’ ಎಂದು ಕೇಳಲಿ, ಎರಡು ವಾಕ್ಯ ಸಾಲದೆ ಹಾಳೆಯ ಹಿಂದೆಯೂ ಬರೆಯಲಿ.