ಸೆಗೋವಿಯಾಗೆ ಅರ್ಧ ದಿನ ಸಾಲದು

ಸ್ಪೇನ್‌ನ ರಾಜಧಾನಿ ಮ್ಯಾಡ್ರಿಡ್‌ನಿಂದ ಹೋಗಿ ಅರ್ಧ ದಿನದಲ್ಲಿ ಸೆಗೋವಿಯಾ ಊರು ನೋಡಿ ಬರಬಹುದು ಅಂತ ಪ್ರವಾಸ ಲೇಖನವೊಂದರಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಬೇಗ, ಜನ ಸೇರುವ ಮೊದಲು, ಊರಿಗೆ ನೀರು ತರಲು ರೋಮನ್ನರು ಕಮಾನುಗಳ ಮೇಲೆ ಕಟ್ಟಿದ ಮೇಲ್ಗಾಲುವೆಯ ಕಂಬದ ಪಕ್ಕ ನಿಂತು ನೋಡಿ. ಗ್ರಾನೈಟ್ ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆಯೇ ಇಲ್ಲ. ಕಲ್ಲುಗಳಲ್ಲಿ ಸಣ್ಣ ಗುಳಿಗಳಿವೆ. ಮೇಲೆತ್ತುವಾಗ ಇಕ್ಕಳ ಕಚ್ಚಿಸಿದ ಗುರುತು ಅವು. 28 ಮೀಟರ್‌ಗೂ ಜಾಸ್ತಿ ಎತ್ತರ, ಬರೀ ತನ್ನ ಭಾರದಿಂದಲೇ ನಿಂತಿದೆ ಅಂದರೆ ನಂಬೋಕೇ ಆಗಲ್ಲ, ಅಲ್ವಾ?

ಆಮೇಲೆ ಲಾ ಗ್ರಾಂಹಾ ಅರಮನೆಗೆ ಹೋಗಿ, ಸೆಗೋವಿಯಾದಿಂದ ಸುಮಾರು 11 ಕಿ.ಮೀ. ಅಷ್ಟೇ. ಅಲ್ಲಿನ ಹಳೇ ಕಾರಂಜಿಗಳಿಗೆ ಪಂಪ್ ಬೇಕಿಲ್ಲ. ಮೇಲಿನ ಕೆರೆಯ ನೀರು ಇಳಿದು ಬಂದು ತಾನಾಗೇ ಚಿಮ್ಮುತ್ತದೆ. ಎಲ್ಲ ದಿನವೂ ಕಾರಂಜಿಗಳಿಗೆ ನೀರು ಬಿಡುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ.